ನಿನ್ನ ಮಗಳು ಮತ್ತೆ ಐಸಿಗಿಳಿದಳು

ಮನೆ, ಅಡುಗೆಮನೆಯ ಮೇಜು
ಫೆಬ್ರವರಿ ೧೧, ಭಾನುವಾರ ಬೆಳಗ್ಗೆ

ಪ್ರೀತಿಯ ಮಗನೇ,

ನಿನ್ನ ಅಮ್ಮನ ಆಶೀರ್ವಾದ. ಆಶೀರ್ವಾದ ಅಂತ ಬರೆದ ಕೂಡಲೇ ಮುದುಕಿ ಕರಗಿದಳು ಅಂದುಕೊಳ್ಳಬೇಡ. ಹೆತ್ತ ಮಗನಿಗೆ ಪತ್ರ ಶುರು ಮಾಡಲು ನನಗೆ ಬೇರೆ ಪದ ಬರುವುದಿಲ್ಲ, ಅಷ್ಟೇ. ಹೇಗಿದ್ದೀಯ? ಕೆಮ್ಮು ಇನ್ನೂ ಹೋಗಿಲ್ಲ ಅಂತ ಗೊತ್ತು. ನಿನ್ನೆ ನೀನು ಐಸಿನ ಕಟ್ಟೆಗೆ ಒರಗಿ ನಿಂತಿದ್ದಾಗ ನಾನು ನಿನ್ನ ಬೆನ್ನ ಹಿಂದೆಯೇ ಮೂರನೇ ಸಾಲಿನಲ್ಲಿ ಕೂತಿದ್ದೆ. ಸಂಗೀತ ನಿಂತಾಗಲೆಲ್ಲ ಕೆಮ್ಮುತ್ತಿದ್ದೆ. ಎದೆಯ ಎಕ್ಸ್‌ರೇ ತೆಗೆಸು, ಸಸಾರ ಮಾಡಬೇಡ. ಬಿಪಿ ಮಾತ್ರೆ ಊಟವಾದ ಮೇಲೆ ತಗೋ, ಮುಂಚೆ ಅಲ್ಲ. ಕೂದಲಿಗೆ ಬಣ್ಣ ಹಾಕಲು ಶುರು ಮಾಡಿದ್ದೀಯ, ಯಾರಿಂದ ಹಾಕಿಸುತ್ತೀಯೋ ಗೊತ್ತಿಲ್ಲ, ಕಿವಿಯ ಹಿಂದೆಲ್ಲ ಬೆಳ್ಳಗೆ ಹಾಗೇ ಬಿಟ್ಟಿದ್ದಾರೆ. ಒಂದು ಸಲವಾದರೂ ಹಿಂದಕ್ಕೆ ತಿರುಗಿ ನೋಡುತ್ತೀಯೇನೋ ಅಂತ ಕಾದೆ. ನೀನು ತಿರುಗಲಿಲ್ಲ.

ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ. ನಿನ್ನ ಹೆಂಡತಿ ಅದೇ ಹಲ್ಲಿನ ಸೆಟ್ ಮಾಡುವ ಲ್ಯಾಬಿನಲ್ಲಿದ್ದಾಳೆ, ಈಗ ಅಲ್ಲಿ ಎಲ್ಲರಿಗಿಂತ ಹಿರಿಯಳು ಅವಳೇ. ಅವಸರದ ಕೆಲಸವಿದ್ದರೆ ಮನೆಗೂ ಹೊತ್ತು ತರುತ್ತಾಳೆ. ಈ ಪತ್ರ ಬರೆಯುತ್ತಿರುವ ಮೇಜಿನ ಆ ತುದಿಯಲ್ಲೇ ಯಾರದೋ ಕೆಳದವಡೆ ನನ್ನ ಕಡೆ ನೋಡಿ ಹಲ್ಲು ಕಿರಿಯುತ್ತಿದೆ. ನನ್ನ ಮಂಡಿ ಮೆಟ್ಟಿಲು ಹತ್ತುವಾಗ ಮಾತ್ರ ನೋಯುತ್ತದೆ. ಅದಕ್ಕೆ ಹತ್ತುವುದನ್ನು ಕಡಿಮೆ ಮಾಡಿದ್ದೇನೆ, ಬೈಯುವುದನ್ನು ಜಾಸ್ತಿ ಮಾಡಿದ್ದೇನೆ. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಜೀವಮಾನವೆಲ್ಲ ಆಸ್ಪತ್ರೆಯ ಟೆಲಿಫೋನ್ ಬೋರ್ಡಿನ ಮುಂದೆ ಕೂತವಳಿಗೆ ಫೋನ್ ಏನೂ ಹೊಸದಲ್ಲ. ಆದರೆ ನೀನು ನಡುವೆ ಬಾಯಿ ಹಾಕುತ್ತೀಯ, ಇಲ್ಲವೇ ಫೋನ್ ಇಟ್ಟುಬಿಡುತ್ತೀಯ. ಪತ್ರದ ಮಾತನ್ನು ನಡುವೆ ಕತ್ತರಿಸಲು ಬರುವುದಿಲ್ಲ. ಹರಿದು ಹಾಕಬೇಕೆಂದರೂ ಎಲ್ಲಿ ಹರಿಯಬೇಕು ಅಂತ ನೋಡಲು ಒಂದು ಸಲ ಓದಲೇಬೇಕು.

ನಿನ್ನ ಮಗಳನ್ನು ನಾನು ಮಿಡತೆ ಅಂತ ಕರೆಯುವುದು ನಿನಗೆ ಎಂದೂ ಹಿಡಿಸಲಿಲ್ಲ. “ಚಾಂಪಿಯನ್ನಿಗೆ ಹುಳದ ಹೆಸರು ಇಡಬೇಡಮ್ಮ” ಅಂತಿದ್ದೆ. ಅವಳು ನಡೆಯುವುದನ್ನು ಕಲಿತದ್ದೇ ಮಂಚದಿಂದ ನೆಲಕ್ಕೆ ಹಾರಿ ಹಾರಿ. ಅದನ್ನು ನೋಡಿದವಳು ನಾನು, ಹೆಸರು ಇಟ್ಟವಳೂ ನಾನೇ. ಐಸಿಗೆ ಇಳಿಸಿದವನು ನೀನು, ಅದನ್ನು ಯಾರೂ ಇಲ್ಲ ಅನ್ನುವುದಿಲ್ಲ. ಕಲಿಸಿದೆ. ಚೆನ್ನಾಗಿಯೇ ಕಲಿಸಿದೆ. ಲೋಕವೆಲ್ಲ ನಿನ್ನನ್ನು ಮೇಷ್ಟ್ರು ಅಂತ ಕರೆಯಿತು, ಮನೆಯಲ್ಲಿ ಮಗಳೂ ಅಪ್ಪ ಅನ್ನುವುದನ್ನು ಬಿಟ್ಟು ಮೇಷ್ಟ್ರೇ ಅನ್ನುವಂತೆ ಮಾಡಿದೆ. ಹದಿನೇಳು ತುಂಬುವ ಮುಂಚೆ ಅವಳು ದೇಶಕ್ಕೇ ಮೊದಲಿಗಳಾದಳು. ಆಗ ನಿನ್ನ ಮುಖದಲ್ಲಿದ್ದ ಬೆಳಕನ್ನು ನಾನು ಮರೆತಿಲ್ಲ. ಅದನ್ನು ನೆನೆದರೆ ಇವತ್ತಿಗೂ ಸಂತೋಷವಾಗುತ್ತದೆ, ಆಮೇಲೆ ಮೈಯೆಲ್ಲ ಉರಿಯುತ್ತದೆ.

ಆ ಹೋಟೆಲಿನ ಬೆಳಗ್ಗೆಯನ್ನು ನೀನು ಮರೆತಿರಬಹುದು, ನಾನು ಮರೆತಿಲ್ಲ. ಎರಡನೇ ಸಲ ಗೆಲ್ಲಬೇಕಾಗಿದ್ದ ವರ್ಷ. ಹುಡುಗಿ ಬಲಗಾಲು ಊರಲಾರದೆ ಗೋಡೆ ಹಿಡಿದು ಓಡಾಡುತ್ತಿದ್ದಳು. ಸೊಸೆ ಹಟ ಹಿಡಿದು ಹಿಂದಿನ ದಿನವೇ ಕಾಲಿನ ಪರೀಕ್ಷೆ ಮಾಡಿಸಿ, ಕೆಲಸದ ಮೇಲೆ ಊರಿಗೆ ಹೋಗಿದ್ದಳು, ಸಂಜೆಯ ರೈಲಿಗೆ ಬರುವವಳಿದ್ದಳು. ನೀನು ಗಡ್ಡ ಬೋಳಿಸಿಕೊಳ್ಳುತ್ತಿದ್ದೆ. ನಿನ್ನ ಫೋನ್ ಬಡಿದುಕೊಂಡಿತು, ನಾನು ಎತ್ತಿದೆ. ಡಾಕ್ಟರು ಮೆಲ್ಲನೆ, ಸ್ಪಷ್ಟವಾಗಿ ಹೇಳಿದರು: “ಕಾಲಿನ ಮೂಳೇಲಿ ಬಿರುಕಿದೆ. ಯಾವ ಕಾರಣಕ್ಕೂ ಐಸಿಗೆ ಇಳಿಸಬೇಡಿ.” ನಾನು ಫೋನನ್ನು ನಿನ್ನ ಕೈಗೆ ಕೊಟ್ಟೆ. ನೀನು ಸೋಪಿನ ನೊರೆ ಮೆತ್ತಿದ್ದ ಮುಖದಲ್ಲೇ “ಆಗ್ಲಿ ಡಾಕ್ಟ್ರೇ, ಆಗ್ಲಿ” ಅಂದೆ. ಮಿಡತೆ ಸ್ನಾನ ಮಾಡಿ ಹೊರಗೆ ಬಂದಾಗ, “ಡಾಕ್ಟ್ರು ಒಪ್ಪಿದ್ರು, ಬರೀ ಉಳುಕಂತೆ” ಅಂದೆ. ಸುಳ್ಳು ಅಂತ ನಾನು ಕಿರುಚಿದೆ. ನೀನು ನಕ್ಕು ಅವಳ ಕೆನ್ನೆ ತಟ್ಟಿ, “ಅಜ್ಜಿಗೆ ಕಿವಿ ಮಂದ ಆಗಿದೆ, ಏನೋ ಕೇಳಿಸ್ಕೊಂಡು ಏನೋ ಹೇಳ್ತಾಳೆ” ಅಂದೆ. ಡಾಕ್ಟರಿಗೆ ನಾನೇ ತಿರುಗಿ ಫೋನ್ ಮಾಡುತ್ತೇನೆ ಅಂತ ಕೈ ಚಾಚಿದರೆ ಫೋನನ್ನು ಜೇಬಿಗೆ ಹಾಕಿಕೊಂಡು ಹೊರಟುಬಿಟ್ಟೆ. ಹುಡುಗಿ ಒಂದು ಸಲ ನನ್ನ ಮುಖ ನೋಡಿದಳು, ಒಂದು ಸಲ ನಿನ್ನ ಮುಖ ನೋಡಿದಳು. ಆಮೇಲೆ ನಿನ್ನ ಹಿಂದೆ ಬಂದಳು. ಹದಿನೇಳರ ಹುಡುಗಿ, ಅಪ್ಪ, ಅದೂ ಮೇಷ್ಟ್ರು. ಅವಳನ್ನು ಏನಂತ ಅನ್ನಲಿ?

ಮೂರು ಸುತ್ತಿನ ಜಿಗಿತ ಮುಗಿಸಿ ಆ ಕಾಲಿನ ಮೇಲೇ ಅವಳು ಬಂದಿಳಿದಾಗ ಆದ ಸದ್ದು ಸಂಗೀತವನ್ನೂ ಮೀರಿ ಕೇಳಿಸಿತು. ಕಿವಿ ಮಂದವಾದ ನನಗೂ ಕೇಳಿಸಿತು. ಅವಳನ್ನು ಎತ್ತಿ ತಂದು ಅಂಕಕ್ಕೆ ಕಾಯುವ ಬೆಂಚಿನ ಮೇಲೆ ಕೂರಿಸಿದರು. ಕ್ಯಾಮೆರಾ ಅವಳ ಮುಖದ ಮೇಲಿತ್ತು, ಪಕ್ಕದ ಜಾಗ ಖಾಲಿ ಇತ್ತು. ಎಲ್ಲ ಹುಡುಗಿಯರ ಪಕ್ಕದಲ್ಲೂ ಅವರವರ ಮೇಷ್ಟ್ರು ಇದ್ದರು. ನೀನು ಒಳಗಿನ ಹಾದಿ ಹಿಡಿದು ಹೋಗಿದ್ದೆ. ಆ ವಾರವೇ ಟೀವಿಯವರು ಕೇಳಿದ್ದಕ್ಕೆ “ಅವಳದು ಮುಗಿದ ಅಧ್ಯಾಯ. ಗಟ್ಟಿ ಮನಸ್ಸು ಇರ್ಲಿಲ್ಲ” ಅಂದೆ. ಹುಡುಗಿ ಆಸ್ಪತ್ರೆಯ ಮಂಚದ ಮೇಲೆ ಮಲಗಿ ಅದನ್ನು ನೋಡಿದಳು. ಆಮೇಲೆ, ನಿನ್ನ ಹತ್ತಿರ ಕಲಿಯುತ್ತಿದ್ದ ಹನ್ನೆರಡು ವರ್ಷದ ಒಂದು ಪುಟ್ಟ ಹುಡುಗಿಯನ್ನು ಕರೆದುಕೊಂಡು ದೊಡ್ಡ ಊರಿನ ದೊಡ್ಡ ರಿಂಕಿಗೆ ಹೋದೆ. ಹೋಗುವಾಗ ನಿನ್ನ ಬಟ್ಟೆಬರೆ, ಷೇವಿಂಗ್ ಸೆಟ್ಟು ಎಲ್ಲ ತಗೊಂಡೆ. ಮಗಳು ಆಡುತ್ತಿದ್ದ ಪಿಟೀಲಿನ ಸಂಗೀತವನ್ನೂ ತಗೊಂಡು ಹೋಗಿದ್ದೀಯ ಅಂತ ನಮಗೆ ತಡವಾಗಿ ಗೊತ್ತಾಯಿತು.

ಕಾಲಿಗೆ ಎರಡು ಸಲ ಆಪರೇಷನ್ ಆಯಿತು. ಮಿಡತೆ ಹಜಾರದ ದಿವಾನದ ಮೇಲೆ ಗೋಡೆ ಕಡೆ ಮುಖ ಮಾಡಿ ಮಲಗಿರುತ್ತಿದ್ದಳು. ಸೊಸೆ ಒಂದು ಮಾತೂ ಬೈಯಲಿಲ್ಲ, ಒಂದು ಮಾತೂ ಮುದ್ದು ಮಾಡಲಿಲ್ಲ. ಲ್ಯಾಬಿನಿಂದ ಬಂದವಳೇ ಊಟದ ಕುರ್ಚಿ ತಂದು ಮುಂದಿಟ್ಟು, “ಹಿಡ್ಕೊ, ನಿಂತ್ಕೊ” ಅನ್ನುತ್ತಿದ್ದಳು. ಕುರ್ಚಿ ದೂಡುತ್ತಾ ದೂಡುತ್ತಾ ಹುಡುಗಿ ಮನೆಯೆಲ್ಲ ನಡೆದಳು. ನೆಲದ ಮೇಲಿನ ಗೀರುಗಳು ಇವತ್ತಿಗೂ ಇವೆ, ನಾನು ಅಳಿಸಗೊಡಲಿಲ್ಲ. ನಡೆಯಲು ಬಂದ ಮೇಲೆ ಊರಿನ ಸಾರ್ವಜನಿಕ ರಿಂಕಿನಲ್ಲಿ ಬಾಡಿಗೆ ಸ್ಕೇಟ್ಸ್ ಕೊಡುವ ಕೌಂಟರಿನಲ್ಲಿ ಕೆಲಸಕ್ಕೆ ಸೇರಿದಳು. ದಿನವಿಡೀ ಒದ್ದೆ ಸ್ಕೇಟ್ಸ್ ಒರೆಸುವುದು, ಒಳಗೆ ಔಷಧಿ ಸಿಂಪಡಿಸುವುದು, “ಮೂವತ್ತೇಳಾ? ಮೂವತ್ತೆಂಟಾ?” ಅಂತ ಕೇಳುವುದು. ಐಸು ಹತ್ತು ಹೆಜ್ಜೆ ಆಚೆಗಿತ್ತು, ಅವಳು ಆ ಕಡೆ ತಲೆ ಎತ್ತುತ್ತಿರಲಿಲ್ಲ. ಒಮ್ಮೆ ಯಾರೋ ತಾಯಿ ಗುರುತು ಹಿಡಿದು, “ಅಯ್ಯೋ, ನೀವು ಅವರಲ್ವಾ, ಬಿದ್ದೋದೋರು?” ಅಂದಳಂತೆ. “ಹೌದು, ಅವಳೇ. ಮೂವತ್ತೇಳಾ ಮೂವತ್ತೆಂಟಾ?” ಅಂದಳಂತೆ ನಿನ್ನ ಮಗಳು. ಗಟ್ಟಿ ಮನಸ್ಸು ಇರಲಿಲ್ಲ ಅಂದೆಯಲ್ಲ ನೀನು.

ಇನ್ನು ಎರಡು ವರ್ಷದ ಹಿಂದಿನ ಒಂದು ಸಂಜೆಯ ವಿಷಯ. ಟೀವಿಯಲ್ಲಿ ದೇಶದ ಫೈನಲ್ಸ್ ಬರುತ್ತಿತ್ತು, ನಾನು ಚಾನೆಲ್ ಬದಲಾಯಿಸಲು ಹೊರಟಿದ್ದೆ. ನಿನ್ನ ಶಿಷ್ಯೆ ಐಸಿಗೆ ಬಂದಳು. ಬೆಳೆದಿದ್ದಳು, ಚೆಲುವಾಗಿದ್ದಳು, ತಲೆಗೆ ಕೆಂಪು ರಿಬ್ಬನ್. ಸಂಗೀತ ಶುರುವಾಯಿತು, ಅದೇ ಪಿಟೀಲು. ಮೈಮೇಲೆ ನಾನು ಮಿಡತೆಗೆ ಹೊಲಿದಿದ್ದ ನೀಲಿ ಅಂಗಿಯ ನಕಲು, ತೋಳಿನ ನೆರಿಗೆಯವರೆಗೂ ಹಾಗೇ. ಒಂದೊಂದು ಹೆಜ್ಜೆಯೂ ಮಿಡತೆ ಇದೇ ಹಜಾರದಲ್ಲಿ ಕಾಲುಚೀಲ ಹಾಕಿಕೊಂಡು ಜಾರುತ್ತಾ ಕಲಿತದ್ದು. ಕೊನೆಯಲ್ಲಿ ಕತ್ತು ವಾಲಿಸಿ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟುವುದಿದೆಯಲ್ಲ, ಅದನ್ನು ನೀನು ಕೂಡ ಹೇಳಿಕೊಟ್ಟದ್ದಲ್ಲ, ಹುಡುಗಿ ತಾನೇ ಯೋಚಿಸಿ ಸೇರಿಸಿದ್ದು. ಅದನ್ನೂ ಬಿಟ್ಟಿರಲಿಲ್ಲ ನೀನು. ನಾನು ಟೀವಿ ಆರಿಸಿದೆ. “ಹಾಕು ಅಜ್ಜಿ” ಅಂದಳು. “ಯಾಕೇ, ಹೊಟ್ಟೆ ಉರಿಸ್ಕೊಳ್ಳೋಕಾ?” ಅಂದೆ. “ಹ್ಞೂಂ, ಅದಕ್ಕೇ. ಹಾಕು” ಅಂದಳು. ಶಿಷ್ಯೆಯ ಕುತ್ತಿಗೆಗೆ ಪದಕ ಬೀಳುವವರೆಗೂ, ನೀನು ಅವಳ ಹಣೆಗೆ ಮುತ್ತು ಕೊಡುವವರೆಗೂ ಕಣ್ಣು ಮಿಟುಕಿಸದೆ ನೋಡಿದಳು. ಮಾರನೇ ಬೆಳಗ್ಗೆ ಏಣಿ ಹತ್ತಿ ಅಟ್ಟದಿಂದ ತನ್ನ ಸ್ಕೇಟ್ಸ್ ಇಳಿಸಿಕೊಂಡಳು.

ಕೋಪ ಒಳ್ಳೆಯದಲ್ಲ ಅಂತ ದೊಡ್ಡವರು ಹೇಳುತ್ತಾರೆ. ಇರಬಹುದು. ಹಾಲು, ಮೊಟ್ಟೆ, ಮಾತ್ರೆ ಯಾವುದೂ ಮಾಡದ ಕೆಲಸವನ್ನು ನಮ್ಮ ಮನೆಯಲ್ಲಿ ಕೋಪವೇ ಮಾಡಿತು. ಪೇಪರಿನಲ್ಲಿ ಬಂದಿದ್ದ ನಿನ್ನ ಫೋಟೋ ಕತ್ತರಿಸಿ ನಾನೇ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದೆ. ಅದನ್ನು ನೋಡುತ್ತಾ ಹುಡುಗಿ ಹಾಲು ಕುಡಿಯುತ್ತಿದ್ದಳು, ಲೋಟ ಕುಕ್ಕುವ ಸದ್ದಿನಲ್ಲೇ ಅವತ್ತಿನ ಅಭ್ಯಾಸ ಹೇಗಾಗುತ್ತದೆ ಅಂತ ಗೊತ್ತಾಗುತ್ತಿತ್ತು. ಕಲಿಸಲು ಯಾರನ್ನು ಹುಡುಕಿದೆವು ಗೊತ್ತಾ? ನೀನು ಎರಡನೇ ಸ್ಥಾನದ ರಾಣಿ ಅಂತ ಗೇಲಿ ಮಾಡುತ್ತಿದ್ದೆಯಲ್ಲ, ನಿಮ್ಮ ಕಾಲದಲ್ಲಿ ಆಡುತ್ತಿದ್ದ ಆ ಉದ್ದ ಮೂಗಿನಾಕೆ, ಅವಳನ್ನೇ. ಮನೆಗೆ ಬಂದಳು, ಚಹಾ ಕುಡಿದಳು, ಫ್ರಿಜ್ಜಿನ ಮೇಲಿದ್ದ ನಿನ್ನ ಫೋಟೋ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕಳು. “ಅಮ್ಮಾ, ನನಗೂ ಈ ಮನುಷ್ಯನ ಮೇಲೆ ಇಪ್ಪತ್ತು ವರ್ಷದ ಸಿಟ್ಟಿದೆ. ಆದ್ರೆ ಹುಡುಗಿ ಬಿದ್ರೆ ಆ ಸಿಟ್ಟು ಬಂದು ಹಿಡ್ಕೊಳ್ಳಲ್ಲ. ಮೊದ್ಲು ಬೀಳೋದು ಕಲಿಸ್ತೀನಿ” ಅಂದಳು. ಬೀಳುವುದನ್ನೇ ಕಲಿಸಿದಳು. ಹುಡುಗಿಯ ಸೊಂಟ, ತೊಡೆ ಎಲ್ಲ ನೇರಳೆ ಬಣ್ಣ. ಹದಿನೇಳರ ಮೈಯಲ್ಲ ಈಗ, ಎತ್ತರವಾಗಿದ್ದಾಳೆ, ಭಾರವಾಗಿದ್ದಾಳೆ, ಗಾಳಿಯಲ್ಲಿ ಸುತ್ತುವ ಲೆಕ್ಕವೇ ಬದಲಾಗಿತ್ತು. ಎಲ್ಲ ಜಿಗಿತ ಬಂದರೂ ಆ ಒಂದು ಜಿಗಿತ ಬರಲಿಲ್ಲ. ಓಡಿಬಂದು ಅಲ್ಲಿಗೆ ಬಂದ ಕೂಡಲೇ ಕಾಲು ತಾನಾಗಿ ನಿಂತುಬಿಡುತ್ತಿತ್ತು. ಮನೆಗೆ ಬಂದು ಸ್ಕೇಟ್ಸ್ ಚೀಲ ಎಸೆದು, “ಆಗಲ್ಲ ಅಜ್ಜಿ, ಕಾಲಿಗೆ ನೆನಪಿದೆ” ಅಂತಿದ್ದಳು. ಒಂದು ದಿನ ಸೊಸೆ, ಹಲ್ಲಿಗೆ ಮೇಣ ತುಂಬುತ್ತಿದ್ದವಳು ತಲೆ ಎತ್ತದೆ, “ಅವತ್ತು ನಿಂಗೆ ಗೊತ್ತಿಲ್ದೆ ಒಡೆದ ಕಾಲ ಮೇಲೆ ಹಾರಿದ್ದೆ. ಇವತ್ತು ಗಟ್ಟಿ ಕಾಲಿದೆ, ಹಾರೋಕೆ ಹೆದರ್ತಿದ್ದೀಯ” ಅಂದಳು. ಹುಡುಗಿ ಎರಡು ದಿನ ತಾಯಿಯ ಜೊತೆ ಮಾತಾಡಲಿಲ್ಲ. ಮೂರನೇ ದಿನ ಬಾಗಿಲಲ್ಲೇ ನಿಂತು, “ಬಂತು” ಅಂದಳು.

ಸಣ್ಣ ಪುಟ್ಟ ಸ್ಪರ್ಧೆಗಳಲ್ಲಿ ಐದನೆಯವಳಾದಳು, ಮೂರನೆಯವಳಾದಳು, ಈ ಸಲ ನಮ್ಮ ಊರಿನಲ್ಲೇ ನಡೆದ ಫೈನಲ್ಸಿಗೆ ಬಂದಳು. ಅವಳು ಯಾವ ಸಂಗೀತಕ್ಕೆ ಆಡುತ್ತಾಳೆ ಅಂತ ಗೊತ್ತಾದಾಗ ನೀನು ಸ್ಕೇಟಿಂಗ್ ಸಂಘದವರ ಹತ್ತಿರ ಓಡಿದೆಯಂತೆ, ಅದು ನಿನ್ನ ಶಿಷ್ಯೆಯ ಸಂಗೀತ, ಇನ್ನೊಬ್ಬರು ಬಳಸಬಾರದು ಅಂತ. ಇಬ್ಬರು ಒಂದೇ ಸಂಗೀತ ಬಳಸಬಾರದು ಅಂತ ಯಾವ ನಿಯಮವೂ ಇಲ್ಲ ಅಂದರಂತೆ. ಉದ್ದಮೂಗಿನಾಕೆ ಅದನ್ನು ಹೇಳುವಾಗ ನಾವು ನಾಲ್ಕೂ ಜನ ಅಡುಗೆಮನೆಯಲ್ಲಿ ನಕ್ಕ ನಗುವಿಗೆ ಪಕ್ಕದ ಮನೆಯವರು ಗೋಡೆ ತಟ್ಟಿದರು. ಮೊನ್ನೆ ಮೊದಲ ದಿನ ಬಟ್ಟೆ ಬದಲಾಯಿಸುವ ಕೋಣೆಯ ಹೊರಗೆ ನೀನು ಅವಳಿಗೆ ಎದುರಾದೆ. ನಾಲ್ಕು ವರ್ಷವಾಗಿತ್ತು, ಏನಾದರೂ ಒಂದು ಒಳ್ಳೆಯ ಮಾತು ಆಡುತ್ತೀಯೇನೋ ಅಂತ ನನ್ನ ಹಾಳು ಹೊಟ್ಟೆ ಆಸೆಪಟ್ಟಿತು. ನೀನು ಸುತ್ತಲಿನ ಮೇಷ್ಟ್ರುಗಳಿಗೆಲ್ಲ ಕೇಳುವಂತೆ, “ಬಂದ್ಯಾ? ಒಳ್ಳೇದಾಯ್ತು. ಜನಕ್ಕೆ ಹಳಬ್ರನ್ನ ನೋಡೋ ಆಸೆ ಇರುತ್ತೆ” ಅಂದೆ. ಮಿಡತೆ ಬಗ್ಗಿ ಲೇಸು ಕಟ್ಟುತ್ತಿದ್ದವಳು, ಕಟ್ಟಿದ್ದನ್ನು ಬಿಚ್ಚಿ ಇನ್ನೂ ಬಿಗಿಯಾಗಿ ಕಟ್ಟಿದಳು. ಅವತ್ತಿನ ಚಿಕ್ಕ ಸುತ್ತಿನಲ್ಲಿ ನಿನ್ನ ಶಿಷ್ಯೆ ಮೊದಲು, ನಿನ್ನ ಮಗಳು ಕೂದಲೆಳೆಯಷ್ಟು ಹಿಂದೆ.

ನಿನ್ನೆಯ ದೊಡ್ಡ ಸುತ್ತಿನಲ್ಲಿ ಮಿಡತೆಯ ಸರದಿ ಮೊದಲು ಬಂತು, ನಿನ್ನ ಶಿಷ್ಯೆ ಎಲ್ಲರಿಗಿಂತ ಕೊನೆಗೆ. ಐಸು ನುಣುಪು ಮಾಡುವ ಗಾಡಿ ಆಗಷ್ಟೇ ಹೋಗಿತ್ತು, ನೆಲ ಕನ್ನಡಿಯಾಗಿತ್ತು. ಹುಡುಗಿ ಅಂಗಿಯ ಬಣ್ಣ ನೀಲಿ ಬೇಡ ಅಂದಿದ್ದಳು, ಕಪ್ಪು ಹೊಲಿದುಕೊಟ್ಟಿದ್ದೆ. ಪಿಟೀಲು ಶುರುವಾದ ಕೂಡಲೇ ಜನರೆಲ್ಲ ಒಬ್ಬರನ್ನೊಬ್ಬರು ನೋಡಿಕೊಂಡರು. ನೀನು ನೆಟ್ಟಗೆ ನಿಂತೆ, ನಾನು ನಿನ್ನ ಹೆಗಲನ್ನೇ ನೋಡುತ್ತಿದ್ದೆ. ಅದೇ ಹೆಜ್ಜೆಗಳು, ಆದರೆ ಆಗ ಅವು ಹೇಳಿಕೊಟ್ಟ ಹೆಜ್ಜೆಗಳಾಗಿದ್ದವು, ಈಗ ಅವಳವೇ ಆಗಿದ್ದವು. ಆ ಜಿಗಿತ ಬರುವ ತಿರುವಿನಲ್ಲಿ ಸೊಸೆ ನನ್ನ ಮಣಿಕಟ್ಟು ಹಿಡಿದಳು, ಇನ್ನೂ ಕೆಂಪಗಿದೆ. ಮಗನೇ, ನಿನ್ನ ಮಗಳು ಅದನ್ನು ಎಲ್ಲಿ ಹಾರಿದಳು ಗೊತ್ತಲ್ಲ? ನೀನು ನಿಂತಿದ್ದ ಕಟ್ಟೆಯ ಎದುರಿಗೇ. ಬೇಕೆಂದೇ ಅಲ್ಲಿಗೆ ತಂದಿದ್ದಳು. ಮೂರು ಸುತ್ತು ಸುತ್ತಿ ಅದೇ ಬಲಗಾಲಿನ ಮೇಲೆ ಇಳಿದು, ಹಿಂದಕ್ಕೆ ಜಾರಿಹೋಗುತ್ತಾ ನಿನ್ನ ಕಣ್ಣಲ್ಲಿ ಕಣ್ಣಿಟ್ಟು ನೋಡಿದಳು. ಅವಳ ಅಲಗು ಎರಚಿದ ಐಸಿನ ಪುಡಿ ನಿನ್ನ ಕೋಟಿನ ಮೇಲೆ ಬಿತ್ತು, ನೀನು ತಲೆ ತಗ್ಗಿಸಿ ಒರೆಸಿಕೊಂಡೆ. ನನ್ನ ಹೊಟ್ಟೆ ತಣ್ಣಗಾಯಿತು. ಹೆತ್ತ ಮಗ ತಲೆ ತಗ್ಗಿಸುವುದನ್ನು ನೋಡಿ ತಾಯಿಯ ಹೊಟ್ಟೆ ತಣ್ಣಗಾಯಿತು ಅಂದರೆ ಯಾರೂ ನಂಬಲಿಕ್ಕಿಲ್ಲ. ನೀನು ನಂಬು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ನಾನು ಏಳಲಿಲ್ಲ, ಮಂಡಿಯೊಂದು ನೆಪ. ಕೂತಲ್ಲೇ ಮೂಗು ಒರೆಸಿಕೊಂಡೆ.

ಆಮೇಲೆ ಕೆಂಪು ರಿಬ್ಬನ್ನಿನ ಹುಡುಗಿ. ಹದಿನಾರು ವರ್ಷ. ತನ್ನದು ಅಂತ ನಂಬಿಕೊಂಡಿದ್ದ ಸಂಗೀತಕ್ಕೆ ಇನ್ನೊಬ್ಬಳು ಹಾಗೆ ಆಡುವುದನ್ನು ಕಟ್ಟೆಯ ಪಕ್ಕದಲ್ಲಿ ನಿಂತು ನೋಡಿದ್ದಳು. ಮೊದಲ ಜಿಗಿತಕ್ಕೇ ಬಿದ್ದಳು. ಸತ್ಯ ಹೇಳುತ್ತೇನೆ, ನನಗೆ ಖುಷಿಯಾಯಿತು. ಎರಡನೇ ಸಲ ಬಿದ್ದಾಗಲೂ ಆಯಿತು. ಮೂರನೇ ಸಲ ಬಿದ್ದು ಏಳುವಾಗ ಅವಳು ಕಾಲನ್ನು ಎತ್ತಿಟ್ಟ ರೀತಿ ನೋಡಿ ಖುಷಿ ನಿಂತುಹೋಯಿತು. ಸೊಸೆ ಆಗಲೇ ಎದ್ದು ನಿಂತಿದ್ದಳು. ಹುಡುಗಿ ಹೇಗೋ ಮುಗಿಸಿ ಕುಂಟುತ್ತಾ ಬಂದಳು. ನೀನು ಅವಳ ಜಾಕೆಟ್ಟನ್ನು ಬೆಂಚಿನ ಮೇಲೆ ಎಸೆದು, ಅವಳ ಮುಖವನ್ನೂ ನೋಡದೆ ಒಳಗೆ ನಡೆದೆ. ಮತ್ತೆ ಅದೇ ಬೆಂಚು, ಅದೇ ಕ್ಯಾಮೆರಾ, ಪಕ್ಕದಲ್ಲಿ ಯಾರೂ ಇಲ್ಲ. ಮಿಡತೆ ಕೊನೆಯ ಅಂಕಕ್ಕೆ ಕಾಯುತ್ತಾ ಆ ಕಡೆ ಕೂತಿದ್ದಳು. ಸ್ಕೇಟ್ಸ್ ಬಿಚ್ಚಿ ಬರೀ ಕಾಲುಚೀಲದಲ್ಲಿ ಎದ್ದು ಬಂದು ಆ ಹುಡುಗಿಯ ಪಕ್ಕದಲ್ಲಿ ಕೂತಳು. ಪರದೆಯ ಮೇಲೆ ಅಂಕ ಬಂತು, ನಿನ್ನ ಮಗಳು ಗೆದ್ದಿದ್ದಳು. ಇಬ್ಬರೂ ಪರದೆಯ ಕಡೆ ನೋಡಲೇ ಇಲ್ಲ.

ಅಲ್ಲಿ ಏನು ಮಾತಾಡಿದರು ಅಂತ ಮಿಡತೆ ಆಮೇಲೆ ಹೇಳಿದಳು. ಹುಡುಗಿ, “ಅಕ್ಕಾ, ತುಂಬಾ ದಿನದಿಂದ ಕಾಲು ನೋಯ್ತಿದೆ” ಅಂದಳಂತೆ. “ಮೇಷ್ಟ್ರಿಗೆ ಹೇಳಿದ್ಯಾ?” ಅಂದರೆ, “ಹೇಳ್ದೆ. ನೋವು ಅಂತ ಅಳೋಕೆ ನೀನೇನು ಅವಳಾ ಅಂತ ಬೈದ್ರು” ಅಂದಳಂತೆ. ಯಾರು ಅವಳು ಅಂತ ಆ ಮಗುವಿಗೆ ಗೊತ್ತು, ಪಕ್ಕದಲ್ಲೇ ಕೂತಿದ್ದಳಲ್ಲ. ನಾಲ್ಕು ವರ್ಷ ನೀನು ನಿನ್ನ ಮಗಳ ಹೆಸರನ್ನು ಒಂದು ಬೈಗುಳ ಮಾಡಿಕೊಂಡಿದ್ದೆ. ಗೆದ್ದ ಸಂತೋಷ ಅವಳ ಮುಖದಲ್ಲಿ ಇದ್ದಷ್ಟೂ ಆಗ ಇಳಿದುಹೋಯಿತು. ಪದಕ ಹಾಕುವಾಗಲೂ ಹಲ್ಲು ಕಚ್ಚಿಕೊಂಡೇ ಇದ್ದಳು. ಜನ ಅದನ್ನು ಭಾವುಕತೆ ಅಂದುಕೊಂಡರು.

ಪೇಪರಿನವರು, ಟೀವಿಯವರು ಸುತ್ತುವರಿದಾಗ ನೀನು ಎಲ್ಲಿಂದಲೋ ಪ್ರತ್ಯಕ್ಷನಾದೆ. ತಲೆ ಬಾಚಿಕೊಂಡು ಬಂದಿದ್ದೆ, ಅದನ್ನೂ ನೋಡಿದೆ. ಎರಡೂ ಕೈ ಚಾಚಿ, “ನನ್ನ ಮಗಳು! ಒಂದೊಂದು ಹೆಜ್ಜೇನೂ ನಾನು ಕಲಿಸಿದ್ದು” ಅಂತ ಮೈಕುಗಳ ಮುಂದೆ ಬಂದೆ. ಅವಳು ಒಂದು ಹೆಜ್ಜೆ ಹಿಂದೆ ಸರಿದಳು. ಯಾರೋ “ತಂದೆಗೆ ಏನ್ ಹೇಳ್ತೀರಿ?” ಅಂದರು. ನಾಲ್ಕು ವರ್ಷದಲ್ಲಿ ನಿನಗೆ ಏನೇನು ಹೇಳಬೇಕು ಅಂತ ಆ ಹುಡುಗಿ ಈ ಅಡುಗೆಮನೆಯಲ್ಲಿ ನನ್ನ ಮುಂದೆ ಎಷ್ಟೋ ಸಲ ಅಭ್ಯಾಸ ಮಾಡಿದ್ದಳು. ಒಂದಕ್ಕಿಂತ ಒಂದು ಖಾರ, ಕೆಲವು ನಾನೇ ಬರೆದುಕೊಟ್ಟದ್ದು. ಅದರಲ್ಲಿ ಒಂದನ್ನೂ ಹೇಳಲಿಲ್ಲ. “ಅಪ್ಪ, ನಿಮ್ಮ ಹುಡುಗಿ ಈಗ ಎಲ್ಲಿದ್ದಾಳೆ?” ಅಂತ ಕೇಳಿದಳು. ಅಷ್ಟೇ. ನೀನು ಆ ಕಡೆ ನೋಡಿದೆ, ಈ ಕಡೆ ನೋಡಿದೆ. “ಅವಳು... ಹೋಟೆಲಿಗೆ ಕಳಿಸಿದ್ದೀನಿ, ರೆಸ್ಟ್ ತಗೋ ಅಂತ” ಅಂದೆ. “ಇಲ್ಲ, ಆಸ್ಪತ್ರೇಲಿ ಇದ್ದಾಳೆ. ಅಮ್ಮ ಕರ್ಕೊಂಡು ಹೋಗಿದ್ದಾರೆ. ಕಾಲು ಮುರಿದಿದ್ಯಾ ಅಂತ ನೋಡ್ತಿದ್ದಾರೆ” ಅಂದಳು. ಮೈಕುಗಳೆಲ್ಲ ಒಟ್ಟಿಗೇ ನಿನ್ನ ಕಡೆ ತಿರುಗಿದವು. ಲೋಕವನ್ನೆಲ್ಲ ಮಾತಿನಲ್ಲೇ ಕಟ್ಟಿಹಾಕುವ ನನ್ನ ಮಗ ನಾಲಿಗೆಯಿಂದ ತುಟಿ ಒದ್ದೆ ಮಾಡಿಕೊಂಡ. ನೀನು ಚಿಕ್ಕವನಿದ್ದಾಗ ಸುಳ್ಳು ಹೇಳಿ ಸಿಕ್ಕಿಬಿದ್ದರೆ ಹೀಗೇ ಮಾಡುತ್ತಿದ್ದೆ. ಆಗ ನನಗೆ ನಗು ಬರುತ್ತಿತ್ತು, ಎತ್ತಿಕೊಳ್ಳುತ್ತಿದ್ದೆ. ನಿನ್ನೆ ಯಾರೂ ನಗಲಿಲ್ಲ.

ನೀನು ಯಾಕೆ ಹೀಗಾದೆ ಅಂತ ಬಹಳ ಯೋಚಿಸಿದ್ದೇನೆ. ನಿನಗೆ ಆಡುವ ಕಾಲದಲ್ಲಿ ಒಂದು ಪದಕವೂ ಬರಲಿಲ್ಲ, ಅದು ಕಾರಣವಿರಬಹುದೇ ಅಂತ. ಆದರೆ ಉದ್ದಮೂಗಿನಾಕೆಗೂ ಮೊದಲ ಸ್ಥಾನ ಎಂದೂ ಬರಲಿಲ್ಲ, ಅವಳು ನಿನ್ನೆ ಇಬ್ಬರು ಹುಡುಗಿಯರ ಸ್ಕೇಟ್ಸ್ ಚೀಲವನ್ನೂ ಎರಡು ಹೆಗಲ ಮೇಲೆ ಹೊತ್ತುಕೊಂಡು ಆಸ್ಪತ್ರೆಯವರೆಗೂ ಬಂದಳು. ಹಾಗಾಗಿ ಕಾರಣ ಹುಡುಕುವುದನ್ನು ಬಿಟ್ಟಿದ್ದೇನೆ. ನೀನು ಹುಡುಕಿಕೋ, ಇನ್ನು ಮುಂದೆ ನಿನಗೆ ಬಿಡುವು ಸಿಗುತ್ತದೆ.

ಹೊಟ್ಟೆಗೆ ಸರಿಯಾಗಿ ತಿನ್ನು. ಹೋಟೆಲಿನ ಎಣ್ಣೆ ನಿನಗೆ ಆಗುವುದಿಲ್ಲ. ಸೊಸೆ ನಿನಗೇನೂ ಹೇಳಲಿಲ್ಲ, ನಿನಗೆ ಪತ್ರ ಬರೆಯುತ್ತಿದ್ದೇನೆ ಅಂದಿದ್ದಕ್ಕೆ ದವಡೆಯನ್ನು ಸ್ವಲ್ಪ ಆಚೆಗೆ ಸರಿಸಿ ಜಾಗ ಮಾಡಿಕೊಟ್ಟಳು. ಮಿಡತೆ ಬಾಗಿಲ ಹತ್ತಿರ ಮೈ ಬಿಸಿ ಮಾಡಿಕೊಳ್ಳುತ್ತಿದ್ದಾಳೆ, ಭಾನುವಾರವೂ ಅಭ್ಯಾಸವಿದೆಯಂತೆ. ಎಲ್ಲಿದ್ದರೂ ಮೈಯಲ್ಲಿ ಆರೋಗ್ಯವಿರಲಿ, ಬುದ್ಧಿ ಬರುವಷ್ಟು ಕಾಲ ಬದುಕು ಅಂತ ಹಾರೈಸುವ,

ನಿನ್ನ ಅಮ್ಮ

ವಿ.ಸೂ.: ಲಕೋಟೆ ಅಂಟಿಸುವ ಮುಂಚೆ ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ನೆಟ್ಟಗಿಲ್ಲ. ನಿನ್ನೆ ಸಂಜೆಯೇ ನೀನು ಊರು ಬಿಟ್ಟೆಯಂತೆ, ಆ ಹುಡುಗಿ ಯಾವ ಆಸ್ಪತ್ರೆಯಲ್ಲಿದ್ದಾಳೆ ಅಂತಲೂ ಕೇಳದೆ. ಈಗ ಬೆಳಗ್ಗೆಯಿಂದ ಅವಳಿಗೆ ಫೋನ್ ಮೇಲೆ ಫೋನ್ ಮಾಡುತ್ತಿದ್ದೀಯ, ಅವಳು ಎತ್ತುತ್ತಿಲ್ಲ. ಎತ್ತುವುದೂ ಇಲ್ಲ. ಅವಳು ನಮ್ಮ ಮನೆಯಲ್ಲಿದ್ದಾಳೆ, ಮಿಡತೆಯ ಮಂಚದ ಮೇಲೆ, ಕಾಲಿಗೆ ಪ್ಲಾಸ್ಟರ್ ಹಾಕಿದ್ದಾರೆ, ಮೂಳೆ ಬಿರುಕು ಬಿಟ್ಟು ಬಹಳ ದಿನವಾಗಿದೆಯಂತೆ. ಅವಳ ಅಪ್ಪ ಅಮ್ಮ ಮೊದಲ ರೈಲಿಗೇ ಬಂದರು. ಅವಳು ಇನ್ನು ನಿನ್ನ ಹತ್ತಿರ ಬರುವುದಿಲ್ಲ, ಕಾಲು ವಾಸಿಯಾದ ಮೇಲೆ ಉದ್ದಮೂಗಿನಾಕೆಯ ಹತ್ತಿರ ಕಲಿಯುತ್ತಾಳೆ, ಆ ಸಂಗೀತ ಬೇಡವಂತೆ, ಹೊಸದನ್ನು ತಾನೇ ಆರಿಸಿಕೊಳ್ಳುತ್ತಾಳಂತೆ. ನಿನ್ನನ್ನು ಇನ್ನು ಯಾವ ಮಕ್ಕಳ ಹತ್ತಿರವೂ ಬಿಡಬಾರದು ಅಂತ ಅವಳ ಅಪ್ಪ ಅಮ್ಮ ಸ್ಪರ್ಧೆಗೆ ಬಂದು ಇನ್ನೂ ಇಲ್ಲೇ ಇರುವ ಸಂಘದವರ ಕೈಗೇ ದೂರು ಕೊಟ್ಟಿದ್ದಾರೆ. ಮಿಡತೆ ತನ್ನ ಕಥೆ ಹೇಳುತ್ತಾಳೆ. ಆದರೆ ಡಾಕ್ಟರು ಬೇಡ ಅಂದದ್ದನ್ನೂ ನೀನು ಅವಳಿಗೆ ಹೇಳಿದ ಸುಳ್ಳನ್ನೂ ಎರಡೂ ಕೇಳಿದ ಸಾಕ್ಷಿ ನಾನೊಬ್ಬಳೇ. “ಅಜ್ಜಿ, ಮಗನ ವಿರುದ್ಧ ಹೇಳ್ತೀಯಾ?” ಅಂತ ಅಳುಕುತ್ತಾ ಕೇಳಿದಳು. ಬರುತ್ತೇನೆ ಅಂದೆ. ಬರುವ ಗುರುವಾರ ವಿಚಾರಣೆ, ನಿನಗೂ ಕರೆ ಬರುತ್ತದೆ. ತಪ್ಪಿಸಿಕೊಳ್ಳಬೇಡ, ಬಾ. ನನ್ನ ಎದುರಿಗೇ ಕೂತು ಕೇಳಿಸಿಕೋ. ಅಮ್ಮ ಸುಳ್ಳು ಹೇಳುತ್ತಾಳೆ ಅನ್ನುವುದಾದರೆ, ಎದ್ದು ನಿಂತು ನನ್ನ ಮುಖ ನೋಡಿ ಹೇಳು.